ಬೀಗ ತೆಗೆದ ಮೇಲೆ ಏನಾಗುತ್ತದೆ, ಅದನ್ನು ಬರೆಯಿರಿ

ಸರ್ವರ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಿಗೆ ಈ ಬಗೆಯ ಫೈಲು ಚೆನ್ನಾಗಿ ಗೊತ್ತು. ಮೊದಲ ಸಾಲಿನಲ್ಲಿ ಡಾಲರ್ ಚಿಹ್ನೆ, ‘ಆ್ಯನ್ಸಿಬಲ್ ವಾಲ್ಟ್’ ಎಂಬ ಹೆಸರು, 1.1 ಎಂಬ ಆವೃತ್ತಿ, ಕೊನೆಗೆ ‘ಎಇಎಸ್256’. ಅದರ ಕೆಳಗೆ ಸಾಲುಸಾಲಾಗಿ ಅಂಕಿಗಳು. ತಾಳ್ಮೆಯಿಂದ ಹುಡುಕಿದರೆ ಆ ಅಂಕಿಗಳ ರಾಶಿಯಲ್ಲಿ ಎರಡೇ ಎರಡು ಕಡೆ ಇಂಗ್ಲಿಷಿನ ‘ಎ’ ಅಕ್ಷರ ಸಿಗುತ್ತದೆ. ಅವು ಗಡಿಗಲ್ಲುಗಳು. ಮೊದಲ ಗಡಿಯ ತನಕ ಇರುವುದು ಸಾಲ್ಟ್, ಅಂದರೆ ಪ್ರತಿಸಲ ಹೊಸದಾಗಿ ಹುಟ್ಟುವ ಗೊತ್ತುಗುರಿಯಿಲ್ಲದ ಸಂಖ್ಯೆ. ಎರಡನೆಯ ಗಡಿಯ ತನಕ ಇರುವುದು ಫೈಲನ್ನು ಯಾರೂ ತಿದ್ದಿಲ್ಲ ಎಂದು ಖಾತ್ರಿಪಡಿಸುವ ಮುದ್ರೆ. ಉಳಿದದ್ದೆಲ್ಲ ಗುಟ್ಟು. ಡೇಟಾಬೇಸಿನ ಪಾಸ್‌ವರ್ಡ್, ಹಣ ಪಾವತಿ ಸೇವೆಯ ಕೀಲಿ, ಎಸ್‌ಎಂಎಸ್ ಕಳಿಸುವ ಖಾತೆಯ ಗುರುತು, ಹೀಗೆ ಯಾರ ಕಣ್ಣಿಗೂ ಬೀಳಬಾರದ್ದು.

ಇಂಥ ಫೈಲು ಯಾಕೆ ಬೇಕಾಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಯಾವುದೇ ತಂತ್ರಾಂಶ ಇನ್ನೊಂದು ತಂತ್ರಾಂಶದ ಜೊತೆ ಮಾತಾಡಬೇಕಾದರೆ ತಾನು ಯಾರು ಎಂದು ರುಜುವಾತು ಕೊಡಬೇಕು. ಆ ರುಜುವಾತನ್ನು ಎಲ್ಲಾದರೂ ಬರೆದಿಡಲೇಬೇಕು. ಸುಲಭಕ್ಕೆ ಸಿಗುವ ಜಾಗ ಕಾನ್ಫಿಗರೇಷನ್ ಫೈಲು, ಆ ಫೈಲು ಕೋಡಿನ ಜೊತೆಗೆ ಗಿಟ್ ಭಂಡಾರಕ್ಕೆ ಹೋಗಿಬಿಡುತ್ತದೆ. ಟೊಯೋಟಾ ಕಂಪನಿಯ ಟಿ-ಕನೆಕ್ಟ್ ಎಂಬ ಸೇವೆಯ ಕೋಡಿನ ಒಂದು ಭಾಗ 2017ರ ಡಿಸೆಂಬರಿನಿಂದ 2022ರ ಸೆಪ್ಟೆಂಬರ್ ತನಕ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಅದರೊಳಗೆ ಗ್ರಾಹಕರ ಮಾಹಿತಿ ಇದ್ದ ಸರ್ವರಿನ ಕೀಲಿಯೂ ಇತ್ತು. 2,96,019 ಗ್ರಾಹಕರ ಇ-ಮೇಲ್ ವಿಳಾಸಗಳು ಸೋರಿರಬಹುದು ಎಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಸುಮಾರು ಐದು ವರ್ಷ ಅದು ಯಾರ ಗಮನಕ್ಕೂ ಬರಲಿಲ್ಲ.

ಆ್ಯನ್ಸಿಬಲ್ ಎಂಬುದು ನೂರಾರು ಸರ್ವರ್‌ಗಳನ್ನು ಒಂದೇ ಬರಹದ ಪ್ರಕಾರ ಸಜ್ಜುಗೊಳಿಸುವ ಮುಕ್ತ ತಂತ್ರಾಂಶ. ಮೈಕಲ್ ಡಿಹಾನ್ 2012ರಲ್ಲಿ ಇದನ್ನು ಹೊರತಂದರು. 2015ರಲ್ಲಿ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡಿತು. ಗುಟ್ಟುಗಳನ್ನು ಪಾಸ್‌ವರ್ಡ್ ಹಾಕಿ ಮುಚ್ಚಿಡುವ ‘ವಾಲ್ಟ್’ ಎಂಬ ಸೌಲಭ್ಯ 2014ರಲ್ಲಿ 1.5ನೇ ಆವೃತ್ತಿಯ ಜೊತೆ ಬಂತು. ಬೆಂಗಳೂರಿನಲ್ಲಿ ಕೂತು ಬೇರೆ ಬೇರೆ ಖಂಡಗಳ ಸರ್ವರ್‌ಗಳನ್ನು ಹಗಲೂರಾತ್ರಿ ಕಾಯುವವರಲ್ಲಿ ಇದನ್ನು ಬಳಸುವವರು ಬಹಳ ಮಂದಿ. ಹಾಗಾಗಿ ಈ ಉಪಕರಣಕ್ಕೆ ಕೈಪಿಡಿ ಹೇಗಿರಬೇಕು ಎಂಬ ಪ್ರಶ್ನೆ ನಮ್ಮ ಊರಿನ ಪ್ರಶ್ನೆಯೂ ಹೌದು. ನಾನು ಹೇಳುತ್ತಿರುವುದು ರೆಡ್ ಹ್ಯಾಟ್ ಪ್ರಕಟಿಸುವ ದೊಡ್ಡ ಕೈಪಿಡಿಯನ್ನಲ್ಲ. ಪ್ರತಿ ತಂಡವೂ ತನ್ನ ಹೊಸಬರಿಗಾಗಿ ಬರೆದಿಡುವ ಒಂದೆರಡು ಪುಟದ ಟಿಪ್ಪಣಿಯನ್ನು. ಸಂಕಟದ ಹೊತ್ತಿನಲ್ಲಿ ಜನ ತೆರೆದು ನೋಡುವುದು ಅದನ್ನೇ.

ಮೊದಲು ಬೀಗದ ಒಳಗನ್ನು ನೋಡೋಣ. ಮನುಷ್ಯ ಕೊಡುವ ಪಾಸ್‌ವರ್ಡ್ ಸಾಮಾನ್ಯವಾಗಿ ಹತ್ತು ಹದಿನೈದು ಅಕ್ಷರದ್ದು. ಅದನ್ನು ನೇರವಾಗಿ ಕೀಲಿಯಾಗಿ ಬಳಸಲು ಬರುವುದಿಲ್ಲ. ವಾಲ್ಟ್ ಆ ಪಾಸ್‌ವರ್ಡಿಗೆ ಸಾಲ್ಟ್ ಬೆರೆಸಿ, ಪಿಬಿಕೆಡಿಎಫ್2 ಎಂಬ ಲೆಕ್ಕವನ್ನು 10,000 ಸಲ ಮಾಡಿ 80 ಬೈಟ್‌ಗಳನ್ನು ಹೊರತೆಗೆಯುತ್ತದೆ. ಅದರಲ್ಲಿ 32 ಬೈಟ್ ಗುಟ್ಟನ್ನು ಮುಚ್ಚುವ ಕೀಲಿಗೆ, 32 ಬೈಟ್ ಮುದ್ರೆಯ ಕೀಲಿಗೆ, ಉಳಿದ 16 ಲೆಕ್ಕ ಶುರುಮಾಡುವ ಸಂಖ್ಯೆಗೆ. ಬೇಕೆಂದೇ ನಿಧಾನವಾಗುವಂತೆ ಈ ಲೆಕ್ಕವನ್ನು ಹೆಣೆದಿದ್ದಾರೆ. ಪಾಸ್‌ವರ್ಡ್ ಗೊತ್ತಿರುವವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಲಕ್ಷಾಂತರ ಪದಗಳನ್ನು ಒಂದೊಂದಾಗಿ ಪ್ರಯತ್ನಿಸುವ ಕಳ್ಳನಿಗೆ ಅಷ್ಟು ಲಕ್ಷ ಪಟ್ಟು ಹೊತ್ತು.

ಆದರೆ ಕಂಪ್ಯೂಟರುಗಳ ವೇಗ ನಿಂತಲ್ಲೇ ನಿಲ್ಲಲಿಲ್ಲ. ಪಾಸ್‌ವರ್ಡ್‌ಗಳನ್ನು ಕಾಪಿಡಲು ಇದೇ ಲೆಕ್ಕವನ್ನು 6,00,000 ಸಲ ಮಾಡಿ ಎಂದು ಓವಾಸ್ಪ್ ಎಂಬ ಸುರಕ್ಷತಾ ಸಂಸ್ಥೆ ಈಗ ಸಲಹೆ ಕೊಡುತ್ತದೆ. ಹ್ಯಾಶ್‌ಕ್ಯಾಟ್, ಜಾನ್ ದ ರಿಪ್ಪರ್ ಎಂಬ ಪಾಸ್‌ವರ್ಡ್ ಊಹಿಸುವ ತಂತ್ರಾಂಶಗಳೆರಡೂ ವಾಲ್ಟ್ ಫೈಲನ್ನು ಗುರುತಿಸುತ್ತವೆ. ಗಿಟ್‌ನಿಂದ ಫೈಲು ಯಾರ ಕೈಗಾದರೂ ಸಿಕ್ಕಿತೆಂದರೆ, ಅವರು ತಮ್ಮ ಮನೆಯಲ್ಲಿ ಕೂತು, ಯಾವ ಸರ್ವರಿಗೂ ತಿಳಿಯದಂತೆ, ವಾರಗಟ್ಟಲೆ ಊಹಿಸುತ್ತ ಕೂರಬಹುದು. ಮೂರು ಸಲ ತಪ್ಪಿದರೆ ಖಾತೆ ಬಂದ್ ಎಂಬ ಬ್ಯಾಂಕಿನ ನಿಯಮ ಇಲ್ಲಿ ಇಲ್ಲ. ಈ ಒಂದು ಸಂಗತಿ ಟಿಪ್ಪಣಿಯ ಮೊದಲ ಪುಟದಲ್ಲೇ ಇರಬೇಕು. ಕಂಪನಿಯ ಹೆಸರಿನ ಮುಂದೆ ಇಸವಿ ಸೇರಿಸಿ ಮಾಡಿದ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ, ಯಂತ್ರವೇ ಹುಟ್ಟಿಸಿದ ಉದ್ದದ ಪಾಸ್‌ವರ್ಡ್ ಬೇಕು ಎಂದು ಕಾರಣ ಸಮೇತ ಬರೆದರೆ ಓದುವವರು ಒಪ್ಪುತ್ತಾರೆ. ಕಾರಣ ಇಲ್ಲದ ಆಜ್ಞೆಯನ್ನು ಅವಸರದಲ್ಲಿ ಯಾರೂ ಪಾಲಿಸುವುದಿಲ್ಲ.

ಬಲಹೀನತೆಯನ್ನು ಹೀಗೆ ಬಿಚ್ಚಿ ಬರೆದರೆ ಕಳ್ಳರಿಗೆ ದಾರಿ ತೋರಿಸಿದಂತಲ್ಲವೇ ಎಂದು ಕೇಳುವವರಿದ್ದಾರೆ. ಆಗುಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಯಂತ್ರದ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿ ಇರಬೇಕಾದದ್ದು ಕೀಲಿ ಮಾತ್ರ ಎಂಬುದು ಸೇನಾ ಗೂಢಲಿಪಿಯ ಬಗ್ಗೆ ಅವರು ಬರೆದ ಪ್ರಬಂಧದ ತಿರುಳು. ಆ್ಯನ್ಸಿಬಲ್‌ನ ಕೋಡೇ ಎಲ್ಲರಿಗೂ ತೆರೆದಿರುವಾಗ ಕಳ್ಳನಿಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಬರೆಯದೆ ಬಿಟ್ಟರೆ ಕತ್ತಲಲ್ಲಿ ಉಳಿಯುವವರು ನಮ್ಮವರೇ.

ಈ ಪ್ರಾಮಾಣಿಕತೆಗೆ ನನಗೆ ಗೊತ್ತಿರುವ ಅತ್ಯುತ್ತಮ ಮಾದರಿ ಬೆಲ್ ಲ್ಯಾಬ್ಸ್‌ನದು. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ‘ಕ್ರಿಪ್ಟ್’ ಎಂಬ ಪುಟ್ಟ ಕಮಾಂಡ್ ಇತ್ತು. ಪಾಸ್‌ವರ್ಡ್ ಕೊಟ್ಟು ಫೈಲನ್ನು ಮುಚ್ಚುವುದು, ಅದೇ ಪಾಸ್‌ವರ್ಡ್ ಕೊಟ್ಟು ತೆರೆಯುವುದು, ಅಷ್ಟೇ ಅದರ ಕೆಲಸ. ಅದರ ಕೈಪಿಡಿ ಒಂದು ಪುಟದಷ್ಟು. ಆ ಚಿಕ್ಕ ಜಾಗದಲ್ಲಿ ಬರೆದವರು ಏನೇನು ಹೇಳಿದ್ದಾರೆ ನೋಡಿ. ಇದು ಜರ್ಮನರ ಎನಿಗ್ಮಾದ ದಾರಿಯಲ್ಲೇ ಮಾಡಿದ, ಒಂದೇ ಚಕ್ರದ ಯಂತ್ರ. ಇಂಥ ಯಂತ್ರಗಳನ್ನು ಭೇದಿಸುವ ವಿಧಾನಗಳು ಹೆಚ್ಚು ಜನಕ್ಕೆ ತಿಳಿಯದಿದ್ದರೂ ಇವೆ. ಪಾಸ್‌ವರ್ಡಿನಿಂದ ಕೀಲಿ ಮಾಡುವ ಹಂತವನ್ನು ಬೇಕೆಂದೇ ನಿಧಾನ ಮಾಡಿದ್ದೇವೆ. ಆದರೂ ಮೂರೇ ಚಿಕ್ಕಕ್ಷರಗಳ ಪಾಸ್‌ವರ್ಡ್ ಇಟ್ಟರೆ ಯಂತ್ರದ ಐದು ನಿಮಿಷವೂ ಹಿಡಿಯದೆ ಫೈಲು ಬಯಲಾಗುತ್ತದೆ. ಪಾಸ್‌ವರ್ಡನ್ನು ಕಮಾಂಡಿನ ಜೊತೆಗೇ ಟೈಪ್ ಮಾಡಿದರೆ, ಅದೇ ಯಂತ್ರದಲ್ಲಿ ‘ಪಿಎಸ್’ ಕಮಾಂಡ್ ಓಡಿಸುವ ಬೇರೆಯವರ ಕಣ್ಣಿಗೆ ಬೀಳಬಹುದು. ಪಾಸ್‌ವರ್ಡನ್ನು ಹೇಗೆ ಆರಿಸುತ್ತೀರಿ, ಹೇಗೆ ಕಾಪಾಡುತ್ತೀರಿ ಎಂಬುದೇ ಈ ಉಪಕರಣದ ಅತಿ ದುರ್ಬಲ ಜಾಗ.

ಒಂದು ಉಪಕರಣ ಮಾಡಿದವರು ಅದನ್ನು ಹೊಗಳದೆ, ಅದರ ಮಿತಿಯನ್ನು ಅಳತೆ ಹಾಕಿ ಹೇಳಿದ್ದು ನನಗೆ ಇವತ್ತಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1984ರಲ್ಲಿ ಬೆಲ್ ಲ್ಯಾಬ್ಸ್‌ನವರದೇ ತಾಂತ್ರಿಕ ಪತ್ರಿಕೆಯಲ್ಲಿ ಜೇಮ್ಸ್ ರೀಡ್ಸ್ ಮತ್ತು ಪೀಟರ್ ವೈನ್‌ಬರ್ಗರ್ ಈ ಕಮಾಂಡಿನ ಗೂಢಲಿಪಿಯನ್ನು ಭೇದಿಸುವ ಬಗೆಯನ್ನು ಪ್ರಕಟಿಸಿದರು. ಕೈಪಿಡಿ ಓದಿದ್ದವರಿಗೆ ಆ ಸುದ್ದಿಯಿಂದ ಆಘಾತವಾಗಲು ಕಾರಣವಿರಲಿಲ್ಲ, ಐದು ವರ್ಷ ಮೊದಲೇ ಅವರನ್ನು ಎಚ್ಚರಿಸಲಾಗಿತ್ತು.

ಈಗ ವಾಲ್ಟಿಗೆ ವಾಪಸ್ ಬರೋಣ. ತಂಡದ ಟಿಪ್ಪಣಿಗಳು ಬಹುಪಾಲು ಎಡವುವುದು ಒಂದೇ ಜಾಗದಲ್ಲಿ. ಗುಟ್ಟನ್ನು ನೋಡಬೇಕೆ? ‘ಆ್ಯನ್ಸಿಬಲ್-ವಾಲ್ಟ್ ಡಿಕ್ರಿಪ್ಟ್’ ಎಂದು ಟೈಪ್ ಮಾಡಿ, ಪಾಸ್‌ವರ್ಡ್ ಕೊಡಿ. ಇಷ್ಟು ಬರೆದು ಮುಗಿಸಿರುತ್ತಾರೆ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ‘ಡಿಕ್ರಿಪ್ಟ್’ ಎಂಬ ಆ ಕಮಾಂಡ್ ಗುಟ್ಟನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾಗುವುದಿಲ್ಲ. ಮುಚ್ಚಿದ್ದ ಫೈಲನ್ನು ಅಳಿಸಿ, ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ, ತೆರೆದ ಫೈಲನ್ನು ಬರೆದಿಡುತ್ತದೆ. ಬೆಳಗಿನ ಜಾವ ಯಾವುದೋ ಸರ್ವರ್ ಕೆಟ್ಟು ಕೂತಿದೆ, ಎಂಜಿನಿಯರ್ ಪಾಸ್‌ವರ್ಡ್ ನೋಡಿಕೊಂಡು ತೊಂದರೆ ಸರಿಪಡಿಸುತ್ತಾರೆ, ಮಾಡಿದ ಬದಲಾವಣೆಗಳನ್ನೆಲ್ಲ ಒಟ್ಟಿಗೆ ಗಿಟ್‌ಗೆ ತಳ್ಳಿ ಮಲಗುತ್ತಾರೆ. ತೆರೆದ ಫೈಲೂ ಅದರ ಜೊತೆ ಹೋಯಿತು. ಮರುದಿನ ಅಳಿಸಿದರೂ ಗಿಟ್‌ನ ಚರಿತ್ರೆಯಲ್ಲಿ ಅದು ಉಳಿಯುತ್ತದೆ. ಭಂಡಾರವನ್ನು ಅಷ್ಟರೊಳಗೆ ಇಳಿಸಿಕೊಂಡ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಒಂದು ಪ್ರತಿ.

ನೋಡಲು ಬೇಕಾದದ್ದು ‘ವ್ಯೂ’. ಅದು ಗುಟ್ಟನ್ನು ಪರದೆಗೆ ತರುತ್ತದೆ, ಮೂಲ ಫೈಲಿಗೆ ಕೈ ಹಚ್ಚುವುದಿಲ್ಲ. ತಿದ್ದಲು ಬೇಕಾದದ್ದು ‘ಎಡಿಟ್’. ಅದು ತಾತ್ಕಾಲಿಕ ಪ್ರತಿಯೊಂದನ್ನು ತೆರೆದು, ತಿದ್ದಿ ಮುಗಿದ ಮೇಲೆ ಮತ್ತೆ ಮುಚ್ಚಿ, ಆ ಪ್ರತಿಯನ್ನು ಅಳಿಸಿ ಹಾಕುತ್ತದೆ. ಇನ್ನು ಆ್ಯನ್ಸಿಬಲ್‌ನ ಕೆಲಸ ಓಡಿಸಲಂತೂ ಫೈಲನ್ನು ಮೊದಲೇ ತೆರೆದಿಡುವ ಅಗತ್ಯವೇ ಇಲ್ಲ. ಓಡಿಸುವಾಗ ಪಾಸ್‌ವರ್ಡ್ ಕೊಟ್ಟರೆ ಅದು ತನ್ನ ನೆನಪಿನಲ್ಲೇ ತೆರೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಪ್ರತಿಸಲ ತೆರೆದು, ಓಡಿಸಿ, ಮತ್ತೆ ಮುಚ್ಚುವವರನ್ನು ಕಂಡಿದ್ದೇನೆ. ಮುಚ್ಚಲು ಮರೆಯುವ ದಿನ ಬಂದೇ ಬರುತ್ತದೆ. ಆ್ಯನ್ಸಿಬಲ್‌ನ ಅಧಿಕೃತ ಕೈಪಿಡಿ ಈ ವಿಷಯದಲ್ಲಿ ಚೊಕ್ಕವಾಗಿದೆ: ‘ಡಿಕ್ರಿಪ್ಟ್’ ಇರುವುದು ಫೈಲನ್ನು ಶಾಶ್ವತವಾಗಿ ತೆರೆದಿಡಲು, ನಿಮಗೆ ಬೇಕಾದದ್ದು ‘ಎಡಿಟ್’ ಅಲ್ಲ ತಾನೇ ಎಂದು ಖಚಿತ ಮಾಡಿಕೊಳ್ಳಿ ಎನ್ನುತ್ತದೆ. ಆ ಮಾತು ತಂಡದ ಟಿಪ್ಪಣಿಗೆ ಇಳಿಯುವಾಗ ಸೋರಿಹೋಗುತ್ತದೆ. ಟಿಪ್ಪಣಿಯಲ್ಲಿ ಯಾವ ಉದಾಹರಣೆ ಮೊದಲು ಬರುತ್ತದೋ ಅದನ್ನೇ ಜನ ಕಾಪಿ ಮಾಡಿ ಬಳಸುತ್ತಾರೆ. ಆದ್ದರಿಂದ ‘ವ್ಯೂ’ ಮೊದಲು ಬರಲಿ, ‘ಎಡಿಟ್’ ಆಮೇಲೆ. ‘ಡಿಕ್ರಿಪ್ಟ್’ ಪುಟದ ತಳದಲ್ಲಿ, ಅದನ್ನು ಬಳಸಿದ ಮೇಲೆ ಏನು ಮಾಡಬೇಕು ಎಂಬ ವಿವರಣೆಯ ಜೊತೆಗೇ ಇರಲಿ.

‘ಎಡಿಟ್’ ಸುರಕ್ಷಿತ ಎಂದು ಬರೆದು ಕೈತೊಳೆದುಕೊಳ್ಳಲೂ ಆಗದು. ಆ ತಾತ್ಕಾಲಿಕ ಪ್ರತಿಯನ್ನು ತೆರೆಯುವುದು ನಿಮ್ಮದೇ ಎಡಿಟರ್. ವಿಮ್ ಆದರೆ ತನ್ನ ಬ್ಯಾಕಪ್ ಫೈಲು, ಅನ್‌ಡೂ ಫೈಲು ಎಂದು ಎಲ್ಲೆಲ್ಲೋ ನಕಲು ಇಟ್ಟುಕೊಳ್ಳಬಹುದು. ಅವನ್ನು ನಿಲ್ಲಿಸುವ ಸೆಟ್ಟಿಂಗ್‌ಗಳನ್ನು ಅಧಿಕೃತ ಕೈಪಿಡಿ ಕೊಟ್ಟಿದೆ. ತಂಡದ ಟಿಪ್ಪಣಿಯಲ್ಲಿ ಅವನ್ನು ಹಾಗೇ ಅಂಟಿಸಿದರೂ ಸಾಕು.

ಗುಟ್ಟು ತೆರೆದ ಮೇಲೆ ಅದು ಎಲ್ಲೆಲ್ಲಿ ಹರಿಯುತ್ತದೆ ಎಂಬುದನ್ನು ಬೆನ್ನುಹತ್ತಿ ಬರೆಯುವುದೇ ಇಂಥ ಕೈಪಿಡಿಯ ಮುಖ್ಯ ಕೆಲಸ ಎಂದು ನಾನು ನಂಬುತ್ತೇನೆ. ವಾಲ್ಟ್ ಕಾಯುವುದು ಡಿಸ್ಕಿನಲ್ಲಿ ಮಲಗಿರುವ ಗುಟ್ಟನ್ನು ಮಾತ್ರ. ಕೆಲಸ ಓಡುವಾಗ ವಿವರ ಹೆಚ್ಚು ಬೇಕೆಂದು ‘ವರ್ಬೋಸ್’ ಹಾಕಿದರೆ ಪಾಸ್‌ವರ್ಡ್ ಪರದೆಗೆ ಬರಬಹುದು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ‘ಡಿಫ್’ ಹಾಕಿದರಂತೂ ಕಾನ್ಫಿಗ್ ಫೈಲಿನ ಬದಲಾದ ಸಾಲುಗಳು ಗುಟ್ಟಿನ ಸಮೇತ ಬರುತ್ತವೆ. ಅದು ತಾನಾಗಿ ಓಡುವ ವ್ಯವಸ್ಥೆಯಾದರೆ ಆ ಪರದೆಯೇ ಲಾಗ್ ಆಗಿ ಕೂರುತ್ತದೆ, ಲಾಗನ್ನು ಇಡೀ ಇಲಾಖೆ ಓದುತ್ತದೆ. ಇದನ್ನು ತಡೆಯಲು ಆಯಾ ಕೆಲಸಕ್ಕೆ ‘ನೋ-ಲಾಗ್’ ಎಂಬ ಗುರುತು ಹಾಕಬೇಕು. ಮುಚ್ಚಿದ ಫೈಲನ್ನು ದೂರದ ಸರ್ವರಿಗೆ ಕಾಪಿ ಮಾಡಿದರೆ ಅಲ್ಲಿ ಅದು ತೆರೆದ ರೂಪದಲ್ಲೇ ಇಳಿಯುತ್ತದೆ. ಮುಚ್ಚಿಯೇ ಇರುತ್ತದೆ ಎಂದು ಭಾವಿಸಿ ಎಲ್ಲರೂ ಓದಬಲ್ಲ ಡೈರೆಕ್ಟರಿಗೆ ಹಾಕಿದರೆ ಗತಿಯೇನು? ಒಂದು ಗುಟ್ಟನ್ನು ಮಾತ್ರ ಮುಚ್ಚಲು ‘ಎನ್‌ಕ್ರಿಪ್ಟ್-ಸ್ಟ್ರಿಂಗ್’ ಎಂಬ ಕಮಾಂಡ್ ಇದೆ. ಗುಟ್ಟನ್ನು ಅದರ ಮುಂದೆಯೇ ಟೈಪ್ ಮಾಡಿದರೆ ಶೆಲ್ಲಿನ ಹಿಸ್ಟರಿಯಲ್ಲಿ ಅದು ಉಳಿದುಬಿಡುತ್ತದೆ. 1979ರ ಕೈಪಿಡಿ ‘ಪಿಎಸ್’ ಬಗ್ಗೆ ಹೇಳಿದ ಎಚ್ಚರಿಕೆಯ ಹತ್ತಿರದ ಸಂಬಂಧಿ ಇದು.

ಪಾಸ್‌ವರ್ಡ್ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಅಧಿಕೃತ ಕೈಪಿಡಿ ಪೂರ್ತಿ ಬಗೆಹರಿಸಲಾರದು, ಯಾಕೆಂದರೆ ಅದಕ್ಕೆ ನಿಮ್ಮ ಕಚೇರಿ ಗೊತ್ತಿಲ್ಲ. ಪ್ರತಿಸಲ ಕೈಯಾರೆ ಟೈಪ್ ಮಾಡಬಹುದು, ಒಂದು ಫೈಲಿನಲ್ಲಿ ಬರೆದಿಟ್ಟು ಅದರ ವಿಳಾಸ ಕೊಡಬಹುದು, ಆ ಫೈಲಿನ ಬದಲು ಒಂದು ಸ್ಕ್ರಿಪ್ಟ್ ಕೊಟ್ಟು ಅದು ಬೇರೆ ಭದ್ರ ಜಾಗದಿಂದ ಪಾಸ್‌ವರ್ಡ್ ತರುವಂತೆಯೂ ಮಾಡಬಹುದು. ಮೂರನೆಯದು ನನಗೆ ಇಷ್ಟ. ಎರಡನೆಯದನ್ನು ಆರಿಸಿದ ತಂಡ ಆ ಫೈಲನ್ನು ಯಾರು ಓದಬಹುದು, ಗಿಟ್ ಅದನ್ನು ಕಡೆಗಣಿಸುವಂತೆ ಮಾಡಿದ್ದೇವೆಯೇ ಎಂಬುದನ್ನು ಬರೆಯಲೇಬೇಕು. ಹಾಗೆಯೇ, ಪಾಸ್‌ವರ್ಡ್ ಕಳೆದುಹೋದರೆ ವಾಲ್ಟ್ ಫೈಲನ್ನು ತೆರೆಯುವ ಹಿಂಬಾಗಿಲು ಇಲ್ಲ, ಯಾರಿಗೆ ಪತ್ರ ಬರೆದರೂ ಪ್ರಯೋಜನವಿಲ್ಲ ಎಂಬುದನ್ನೂ.

ಬಹಳ ಜನ ತಪ್ಪು ತಿಳಿದಿರುವ ಇನ್ನೊಂದು ಕಮಾಂಡ್ ‘ರೀಕೀ’. ತಂಡದಿಂದ ಒಬ್ಬರು ಬಿಟ್ಟುಹೋದರು, ವಾಲ್ಟಿನ ಪಾಸ್‌ವರ್ಡ್ ಅವರಿಗೆ ಗೊತ್ತು, ‘ರೀಕೀ’ ಓಡಿಸಿ ಹೊಸ ಪಾಸ್‌ವರ್ಡ್ ಹಾಕಿದೆವು, ಮುಗಿಯಿತು ಎಂದುಕೊಳ್ಳುತ್ತಾರೆ. ಪೆಟ್ಟಿಗೆಗೆ ಹೊಸ ಬೀಗ ಹಾಕಿದರೆ, ಒಳಗಿನ ಪತ್ರದ ಜೆರಾಕ್ಸ್ ಇಟ್ಟುಕೊಂಡು ಹೋದವರಿಗೆ ಅದರಿಂದ ಏನೂ ಆಗುವುದಿಲ್ಲ. ಗಿಟ್‌ನ ಚರಿತ್ರೆಯಲ್ಲಿರುವ ಹಳೆಯ ಫೈಲು ಹಳೆಯ ಪಾಸ್‌ವರ್ಡಿಗೇ ತೆರೆದುಕೊಳ್ಳುತ್ತದೆ, ಒಳಗಿರುವ ಡೇಟಾಬೇಸ್ ಪಾಸ್‌ವರ್ಡ್ ಇನ್ನೂ ಚಾಲ್ತಿಯಲ್ಲಿದೆ. ನಿಜವಾಗಿ ಆಗಬೇಕಾದದ್ದು ಒಳಗಿನ ಗುಟ್ಟುಗಳನ್ನೇ ಒಂದೊಂದಾಗಿ ಬದಲಿಸುವುದು. ಡೇಟಾಬೇಸಿಗೆ ಹೊಸ ಪಾಸ್‌ವರ್ಡ್, ಪಾವತಿ ಸೇವೆಯಿಂದ ಹೊಸ ಕೀಲಿ. ಅದು ಒಂದು ಕಮಾಂಡಿನ ಕೆಲಸವಲ್ಲ, ಎರಡು ಮೂರು ಇಲಾಖೆಗಳಿಗೆ ಫೋನ್ ಮಾಡಬೇಕಾದ ಕೆಲಸ. ಯಾವ ಗುಟ್ಟನ್ನು ಎಲ್ಲಿ ಬದಲಿಸಬೇಕು, ಬದಲಿಸಿದರೆ ಯಾವ ಸೇವೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ವಿವರ ಟಿಪ್ಪಣಿಯಲ್ಲಿ ಇದ್ದರೆ ಮಾತ್ರ ಯಾರಾದರೂ ಅದಕ್ಕೆ ಕೈಹಾಕುತ್ತಾರೆ.

ದೋಷ ಸಂದೇಶಗಳಿಗೂ ಒಂದಷ್ಟು ಜಾಗ ಬೇಕು. ತೆರೆಯಲು ಆಗದಿದ್ದಾಗ, ಈ ಫೈಲನ್ನು ತೆರೆಯಬಲ್ಲ ಯಾವ ಪಾಸ್‌ವರ್ಡೂ ಸಿಗಲಿಲ್ಲ ಎಂದಷ್ಟೇ ಉಪಕರಣ ಹೇಳುತ್ತದೆ. ಪಾಸ್‌ವರ್ಡ್ ತಪ್ಪಿರಬಹುದು. ಪರೀಕ್ಷಾ ಸರ್ವರಿನ ಪಾಸ್‌ವರ್ಡನ್ನು ಅಸಲಿ ಸರ್ವರಿನ ಫೈಲಿಗೆ ಕೊಟ್ಟಿರಬಹುದು. ಫೈಲೇ ಹಾಳಾಗಿರಬಹುದು, ಇಬ್ಬರ ಬದಲಾವಣೆಗಳನ್ನು ಗಿಟ್‌ನಲ್ಲಿ ಬೆಸೆಯುವಾಗ ಅಂಕಿಗಳು ಬೆರೆತರೆ ಮುದ್ರೆ ಹೊಂದುವುದಿಲ್ಲ. ಪ್ರತಿಸಲ ಹೊಸ ಸಾಲ್ಟ್ ಬರುವುದರಿಂದ ಒಂದಕ್ಷರ ತಿದ್ದಿದರೂ ಇಡೀ ಫೈಲೇ ಬದಲಾಗುತ್ತದೆ, ಬೆಸೆಯುವ ಪ್ರಯತ್ನವೇ ವ್ಯರ್ಥ. ನಿದ್ದೆಗಣ್ಣಿನಲ್ಲಿ ಒಂದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಟೈಪ್ ಮಾಡುತ್ತಿರುವವರಿಗೆ ಈ ಸಾಧ್ಯತೆಗಳು ಬರವಣಿಗೆಯಲ್ಲಿ ಕಣ್ಣೆದುರು ಇರಬೇಕು. ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ತಂಡದ ಎಲ್ಲರೂ ಕನ್ನಡ ಓದುವವರಾದರೆ, ಕಮಾಂಡ್‌ಗಳನ್ನು ಇದ್ದಂತೆ ಇಟ್ಟು ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ಪಕ್ಕದ ಮೇಜಿನವರಿಗೆ ಬಾಯಲ್ಲಿ ವಿವರಿಸುವುದು ಹೇಗೂ ಅದೇ ಭಾಷೆಯಲ್ಲಿ.

ಟಿಪ್ಪಣಿ ಮುಗಿದ ಮೇಲೆ ಅದನ್ನು ಪರೀಕ್ಷಿಸುವುದು ಕಷ್ಟವಲ್ಲ. ಸುಳ್ಳು ಗುಟ್ಟುಗಳಿರುವ ಒಂದು ವಾಲ್ಟ್ ಫೈಲು ಮಾಡಿ, ತಂಡಕ್ಕೆ ಈಚೆಗೆ ಸೇರಿದವರ ಕೈಗೆ ಕೊಡಿ. ಗುಟ್ಟು ನೋಡಿ, ಒಂದನ್ನು ತಿದ್ದಿ, ಆಮೇಲೆ ಗಿಟ್‌ಗೆ ತಳ್ಳಿ ಎಂದು ಹೇಳಿ ಸುಮ್ಮನೆ ಕೂತು ನೋಡಿ. ಅವರು ತಲೆಯೆತ್ತಿ ಪ್ರಶ್ನೆ ಕೇಳಿದ ಪ್ರತಿ ಜಾಗದಲ್ಲೂ ಒಂದು ಸಾಲು ಸೇರಬೇಕು. ಮುಗಿದ ಮೇಲೆ ಭಂಡಾರದ ಚರಿತ್ರೆ, ಶೆಲ್ಲಿನ ಹಿಸ್ಟರಿ, ಎಡಿಟರಿನ ಬ್ಯಾಕಪ್ ಡೈರೆಕ್ಟರಿ ಈ ಮೂರರಲ್ಲೂ ಆ ಸುಳ್ಳು ಪಾಸ್‌ವರ್ಡನ್ನು ಹುಡುಕಿ. ಸಿಕ್ಕಿದರೆ ಟಿಪ್ಪಣಿಯನ್ನು ತಿದ್ದಿ, ಮುಂದೆ ಸೇರುವವರ ಕೈಗೆ ಅದೇ ಫೈಲನ್ನು ಮತ್ತೆ ಕೊಡಿ.